ಓವರಿ ಕ್ಯಾನ್ಸರ್‌ನ್ಯಾಗ ಸೆಂಟಿನಲ್ ನೋಡ್: ಸೂಜಿ ಎಲ್ಲಿ ಚುಚ್ಚತಾರ, ಯಾಕ

ನಿನ್ನೆ ರಾತ್ರಿ ಬೆಳಗಾವಿ ಹಾಸ್ಟೆಲ್‌ನ್ಯಾಗ ಇಬ್ರು ಜೂನಿಯರ್ಸ್ ಕೇಳಿದ್ರು, ಬ್ರೆಸ್ಟ್ ಕ್ಯಾನ್ಸರ್‌ನ್ಯಾಗ ಸೆಂಟಿನಲ್ ನೋಡ್, ಅಂದ್ರ ರೋಗ ಮೊದಲ ಮುಟ್ಟೋ ಲಿಂಫ್ ಗಂಟು, ಹುಡುಕಾಕ ಗಡ್ಡಿ ಸುತ್ತ ಡೈ ಚುಚ್ಚತಾರಲ್ಲ, ಓವರಿಗೆ ಯಾಕ ಹಂಗ ಮಾಡಂಗಿಲ್ಲ ಅಂತ. ಇದೊಂದು ತಿಳದ್ರ ಉಳದದ್ದು ಸಲೀಸು, ಅದಕ್ಕ ಬರಿಯಾಕತ್ತೀನಿ.

ನಮ್ಮ ಹಿಡಕಲ್ ಡ್ಯಾಮಿನ ಕಾಲುವಿ ನೆನಸ್ಕೋರಿ, ನೀರು ಬಿಟ್ಟಾಗ ಮೊದಲನೇ ಹೊಲಾನ ಒಣಗಿದ್ರ ಟೇಲ್ ಎಂಡಿಗೆ ಎಲ್ಲಿಂದ ಮುಟ್ಟಬೇಕು? ಗಡ್ಡಿಯಿಂದ ಲಿಂಫ್ (ಅಂಗಾಂಶದಿಂದ ಹೊರಡೋ ತಿಳಿ ದ್ರವ) ಹರಿಯೋ ದಾರ್ಯಾಗ ಮೊದಲ ಸಿಗೋ ನೋಡ್ ಸ್ವಚ್ಛ ಇದ್ರ ಮುಂದಿನವೂ ಸ್ವಚ್ಛ ಅನ್ನೋದು ಸೆಂಟಿನಲ್ ಲೆಕ್ಕ. ಆದ್ರ ಓವರಿಗೆ ದೊಡ್ಡ ಕಾಲುವಿ ಎರಡು. ಭ್ರೂಣದಾಗ ಓವರಿ ಕಿಡ್ನಿ ಹತ್ರ ಹುಟ್ಟಿ ಕೆಳಗ ಇಳೀತೈತಿ, ಹಂಗಾಗಿ ಒಂದು ದಾರಿ ಓವೇರಿಯನ್ ರಕ್ತನಾಳದ ಜೋಡಿ ಇನ್‌ಫಂಡಿಬ್ಯುಲೋಪೆಲ್ವಿಕ್ ಲಿಗಮೆಂಟ್ (ಓವರಿಯನ್ನ ಪೆಲ್ವಿಸ್ ಗೋಡೆಗೆ ಹಿಡಿಯೋ ಪಟ್ಟಿ) ಹಿಡದು ಮ್ಯಾಲ ರೀನಲ್ ವೇನ್ (ಕಿಡ್ನಿ ರಕ್ತನಾಳ) ಮಟ್ಟದ ತನಕ ಪ್ಯಾರಾ ಅಯೋರ್ಟಿಕ್ (ಮಹಾಧಮನಿ ಪಕ್ಕದ) ನೋಡ್‌ಗೆ ಹೋಗತೈತಿ, ಇನ್ನೊಂದು ಗರ್ಭಕೋಶಕ್ಕ ಓವರಿ ಕೂಡಿಸೋ ಯುಟೆರೋ ಓವೇರಿಯನ್ ಲಿಗಮೆಂಟ್ ಮೂಲಕ ಪೆಲ್ವಿಸ್‌ನ ಇಲಿಯಾಕ್, ಆಬ್ಟುರೇಟರ್ ನೋಡ್‌ಗೆ. ರೌಂಡ್ ಲಿಗಮೆಂಟ್ ಹಿಡದು ತೊಡಿಸಂದಿಗೆ ಹೋಗೋದು ಅಪರೂಪ.

ಅದಕ್ಕ ಆ ಎರಡೂ ಲಿಗಮೆಂಟಿನಾಗ ಪೆರಿಟೋನಿಯಂ (ಹೊಟ್ಟಿ ಒಳಪದರ) ಕೆಳಗ ಚುಚ್ಚತಾರ, ಓವರಿಗೆ ಅಲ್ಲ. ಓವರಿ ಗಡ್ಡಿ ಭಾಳ ಸಲ ನೀರು ತುಂಬಿದ ಚೀಲ ಇದ್ದಂಗ, ಸೂಜಿ ತಾಗಿ ಒಡದು ಹೊಟ್ಟ್ಯಾಗ ಚೆಲ್ಲಿದ್ರ ಸ್ಟೇಜ್ 1ಎ (ಒಂದ ಓವರಿಯೊಳಗ ಅಷ್ಟ ರೋಗ) ಇದ್ದಾಕಿ ಅಲ್ಲೇ 1ಸಿ1 (ಆಪರೇಷನ್‌ನ್ಯಾಗ ಚೆಲ್ಲಿದ್ದು) ಆಗ್ತಾಳ. ನಮ್ಮ ಕೈಯಿಂದನ ಆ ಹೆಣ್ಮಗಳ ಸ್ಟೇಜ್ ಏರಬಾರದು, ಇದನ್ನ ಮಾತ್ರ ಮರೀಬ್ಯಾಡ್ರಿ. ಓವರಿ ಮೊದಲ ತಗದಿದ್ರ ಉಳದ ಸ್ಟಂಪಿಗೆ ಚುಚ್ಚತಾರ.

ಚುಚ್ಚೋದು ಐಸಿಜಿ (ಇಂಡೋಸಯನೈನ್ ಗ್ರೀನ್ ಅನ್ನೋ ಡೈ), ನಿಯರ್ ಇನ್‌ಫ್ರಾರೆಡ್ ಕ್ಯಾಮೆರಾದಾಗ ಹೊಳೀತೈತಿ, ಇಲ್ಲಾಂದ್ರ ವಿಕಿರಣ ಸೂಸೋ ಟೆಕ್ನೀಷಿಯಂ 99ಎಂ, ಅದನ್ನ ಗಾಮಾ ಪ್ರೋಬ್ ಹಿಡದು ಹುಡುಕೋದು. ಕೆಲವರು ಎರಡೂ ಕೂಡ್ಸತಾರ.

ಇಷ್ಟ್ಯಾಕ ಅಂದ್ರ, ರೋಗ ಓವರ್ಯಾಗ ಅಷ್ಟ ಐತಿ ಅಂತ ಕಂಡವರೊಳಗ ಸುಮಾರು 14% ಮಂದಿಗೆ ನೋಡ್‌ನ್ಯಾಗ ಸಿಗತೈತಿ, ಆವಾಗ ಸ್ಟೇಜ್ 3ಎ1. ಉಳದ 86% ಮಂದಿಗೆ ನೋಡ್ ಎಲ್ಲಾ ತಗದು ಸಿಗೋದೇನು? ವೀನಾ ಕೇವಾ (ದೊಡ್ಡ ರಕ್ತನಾಳ) ಹತ್ರ ರಕ್ತಸ್ರಾವದ ಅಪಾಯ, ಲಿಂಫೋಸೀಲ್ (ಲಿಂಫ್ ತುಂಬಿದ ಗುಳ್ಳಿ), ಕಾಲು ಬಾವು. ದಿನಾ ಕಬ್ಬಿನ ಹೊಲದಾಗ ದುಡಿಯೋ ಹೆಣ್ಮಗಳಿಗೆ ಕಾಲು ಬಾವು ಸಣ್ಣ ಮಾತಲ್ಲ, ನಮ್ಮ ಓಪಿಡಿಗೆ ಬರೋರು ಅಂಥವರ ಜಾಸ್ತಿ.

2019ರ ಲಯನ್ ಟ್ರಯಲ್‌ನ್ಯಾಗ ನೋಡ್ ತಗದ್ರ ಲಾಭ ಇಲ್ಲ ಅಂತ ಬಂತಲ್ಲ ಅಂತೀರಿ, ಅದು ಅಡ್ವಾನ್ಸ್ಡ್ ರೋಗದ್ದು, ಇಲ್ಲಿ ತಂದು ಬರೀಬ್ಯಾಡ್ರಿ.

ಸಿಕ್ಕ ನೋಡನ್ನ ಪೆಥಾಲಜಿಯವರು ತೆಳ್ಳಗ ಕೊಯ್ದು ಸೈಟೋಕೆರಾಟಿನ್ ಸ್ಟೇನ್ ಹಾಕಿ ನೋಡತಾರ, ಅದ ಅಲ್ಟ್ರಾಸ್ಟೇಜಿಂಗ್: 0.2ರಿಂದ 2 ಮಿ.ಮೀ. ಇದ್ರ ಮೈಕ್ರೋಮೆಟಾಸ್ಟೇಸಿಸ್. ಆದ್ರ ಓವರ್ಯಾಗ ಈ ಪದ್ಧತಿ ಇನ್ನೂ ಅಧ್ಯಯನದಾಗ ಐತಿ, ಪರೀಕ್ಷೆದಾಗ ಸ್ಟ್ಯಾಂಡರ್ಡ್ ಕೇಳಿದ್ರ ಪೂರ್ತಿ ಸ್ಟೇಜಿಂಗ್ (ನೋಡ್ ಎಲ್ಲಾ ತಗದು ನೋಡೋದೂ ಸೇರಿ) ಅಂತಾನ ಬರೀರಿ.