ಓಟಿಪಿ ಹೇಳದೆಯೂ ಹಣ ಹೋಗುವ ಬಗೆ

"ಓಟಿಪಿ ನಾ ಯಾರಿಗೂ ಹೇಳೇ ಇಲ್ರಿ ಸರ್, ಮತ್ತ ರೊಕ್ಕ ಹೆಂಗ ಹೋತು?" ಹುಬ್ಬಳ್ಳಿಯ ಸಣ್ಣ ವ್ಯಾಪಾರಿಗಳ ಕಂಪ್ಯೂಟರು, ಮೊಬೈಲುಗಳ ಉಸ್ತುವಾರಿ ನೋಡುವ ನನಗೆ ಇತ್ತೀಚೆಗೆ ಅತಿ ಹೆಚ್ಚು ಎದುರಾಗುವ ಪ್ರಶ್ನೆ ಇದು. ಕೇಳುವವರು ಸುಳ್ಳು ಹೇಳುತ್ತಿರುವುದಿಲ್ಲ. ಓಟಿಪಿ ಹೇಳಬಾರದೆಂಬ ಪಾಠವನ್ನು ಅವರು ಚೆನ್ನಾಗಿಯೇ ಕಲಿತಿದ್ದಾರೆ. ಅದನ್ನು ಅವರ ಬಾಯಿಂದಲೇ ಕೇಳುವ ಅಗತ್ಯ ಈಗ ಕಳ್ಳರಿಗೆ ಉಳಿದಿಲ್ಲ ಎಂಬುದನ್ನು ಮಾತ್ರ ಎಷ್ಟು ಹೇಳಿದರೂ ಒಪ್ಪುವುದಿಲ್ಲ.

ಬ್ಯಾಡಗಿ ಕಡೆಯ ಒಬ್ಬ ಮೆಣಸಿನಕಾಯಿ ವ್ಯಾಪಾರಿಗೆ ವಾಟ್ಸಾಪ್‌ನಲ್ಲಿ ಮದುವೆಯ ಕರೆಯೋಲೆ ಬಂದಿತ್ತು, ಅದೂ ಸ್ವಂತ ಅಳಿಯನ ನಂಬರಿನಿಂದ. ಕಡತದ ಹೆಸರಿನ ಕೊನೆಯಲ್ಲಿ ಎಪಿಕೆ ಎಂಬ ಮೂರಕ್ಷರಗಳಿದ್ದವು. ಫೋಟೋ ಆಗಲಿ ಪಿಡಿಎಫ್ ಆಗಲಿ ಹಾಗೆ ಮುಗಿಯುವುದಿಲ್ಲ. ಎಪಿಕೆ ಎಂದರೆ ಆಂಡ್ರಾಯ್ಡ್ ಫೋನಿನಲ್ಲಿ ಕೂರಿಸುವ ಒಂದು ಇಡೀ ಆಪ್. ಅಪರಿಚಿತ ಆಪ್ ಎಂದು ಫೋನೇ ಎಚ್ಚರಿಸಿತ್ತು, ಎಸ್ಸೆಮ್ಮೆಸ್ ಓದಲು ಅನುಮತಿ ಕೊಡಬಹುದೇ ಎಂದೂ ಕೇಳಿತ್ತು. ಬೀಗರ ಮನೆಯ ಕಾರ್ಯವೆಂದು ಯಜಮಾನರು ಎಲ್ಲದಕ್ಕೂ ಒಪ್ಪಿಗೆ ಒತ್ತಿದರು. ಅಳಿಯನ ಫೋನು ಅದಕ್ಕೂ ಮೊದಲೇ ಅದೇ ಆಪ್‌ನ ಕೈಗೆ ಸಿಕ್ಕಿತ್ತು. ಕರೆಯೋಲೆ ಕಳಿಸಿದ್ದು ಆತನಲ್ಲ.

ಆಮೇಲಿನ ಕೆಲಸ ಸರಳ. ಆಪ್ ಒಂದು ನಕಲಿ ಪುಟ ತೋರಿಸಿ, ಒಂದು ರೂಪಾಯಿ ಶುಲ್ಕದ ನೆಪದಲ್ಲಿ ಕಾರ್ಡಿನ ವಿವರವನ್ನೋ ಬ್ಯಾಂಕಿನ ಪಾಸ್‌ವರ್ಡನ್ನೋ ತುಂಬಿಸಿಕೊಳ್ಳುತ್ತದೆ. ಓಟಿಪಿ ಬಂದೊಡನೆ ತಾನೇ ಓದಿ ಕಳ್ಳರಿಗೆ ರವಾನಿಸುತ್ತದೆ. ಕಳ್ಳ ಪಡಸಾಲೆಯಲ್ಲೇ ಕುಳಿತಿರುವಾಗ ಬಾಗಿಲಿಗೆ ಎಷ್ಟು ಕೀಲಿ ಹಾಕಿದರೇನು? ಎಲ್ಲ ವಂಚನೆಗಳೂ ಹೀಗೇ ನಡೆಯುತ್ತವೆಂದು ನಾನು ಹೇಳುತ್ತಿಲ್ಲ. ಆದರೆ ಓಟಿಪಿಯನ್ನು ಯಾರಿಗೂ ಹೇಳದೆ ಹಣ ಕಳೆದುಕೊಂಡವರ ಫೋನಿನಲ್ಲಿ ನಾನು ಮೊದಲು ಹುಡುಕುವುದು ಇದನ್ನೇ.

ಕರೆಯೋಲೆಯಂತೆಯೇ ಸಂಚಾರ ದಂಡದ ಚಲನ್, ಪಿಎಂ ಕಿಸಾನ್ ಕಂತು, ಬ್ಯಾಂಕಿನ ಕೆವೈಸಿ ಹೆಸರಿನಲ್ಲೂ ಇವು ಬರುತ್ತವೆ. ಗಾಡಿ ಕೆಎ-25 ಇರಲಿ, ಕೆಎ-63 ಇರಲಿ, ದಂಡ ನೋಡಲು ವಾಟ್ಸಾಪ್‌ನಲ್ಲಿ ಬಂದ ಆಪ್ ಬೇಕಾಗಿಲ್ಲ. ಫೋನಿನ ಸೆಟ್ಟಿಂಗ್ಸ್‌ನಲ್ಲಿ 'ಇನ್‌ಸ್ಟಾಲ್ ಅನ್‌ನೋನ್ ಆಪ್ಸ್' ಎಂದು ಹುಡುಕಿ, ವಾಟ್ಸಾಪ್ ಮತ್ತು ಕ್ರೋಮ್ ಎರಡಕ್ಕೂ ಅನುಮತಿ ತೆಗೆದುಹಾಕಿ. ಅಪಾಯದ ಆಪ್‌ಗಳನ್ನು ಪತ್ತೆಹಚ್ಚುವ, ಪ್ಲೇ ಸ್ಟೋರಿನ ಪ್ಲೇ ಪ್ರೊಟೆಕ್ಟ್ ಚಾಲೂ ಇರಲಿ. ವೈರಸ್ ತೆಗೆಯುವ ಆಪ್‌ಗೆ ದುಡ್ಡು ಕೊಡಲು ಸಿದ್ಧರಿರುವ ಜನ ಪುಕ್ಕಟೆಯಾದ ಈ ಎರಡು ಕೆಲಸಕ್ಕೆ ಬೇಸರಪಡುವುದನ್ನು ಕಂಡಾಗ ನನಗೆ ತಾಳ್ಮೆ ಉಳಿಯುವುದಿಲ್ಲ.

ಆಪ್ ಕೂತುಬಿಟ್ಟಿದ್ದರೆ ಆ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಬೇರೆ ಫೋನಿನಿಂದ ಬ್ಯಾಂಕಿಗೂ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಕರೆ ಮಾಡಬೇಕು. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆಯ ಪ್ರಕಾರ, ಗ್ರಾಹಕರ ಅಲಕ್ಷ್ಯದಿಂದಾದ ನಷ್ಟ ಬ್ಯಾಂಕಿಗೆ ತಿಳಿಸುವವರೆಗೆ ಗ್ರಾಹಕರದು, ತಿಳಿಸಿದ ಮೇಲಿನದು ಬ್ಯಾಂಕಿನದು. ಇಂಥ ಆಪ್ ಹಾಕಿಕೊಂಡದ್ದನ್ನು ಬ್ಯಾಂಕು ಅಲಕ್ಷ್ಯವೆಂದು ವಾದಿಸಬಹುದಾದ್ದರಿಂದ, ಮಗ ಧಾರವಾಡದಿಂದ ಬರಲಿ, ಆಮೇಲೆ ನೋಡೋಣ ಎಂದು ಕಾಯುವುದು ದುಬಾರಿ. ದೂರಿನ ಸಂಖ್ಯೆಯನ್ನೂ ಕರೆ ಮಾಡಿದ ಸಮಯವನ್ನೂ ಬರೆದಿಟ್ಟುಕೊಳ್ಳಿ. ಆಪ್ ಹೊತ್ತು ತಂದ ಸಂದೇಶದ ಚಿತ್ರವನ್ನು ಇನ್ನೊಂದು ಫೋನಿನಿಂದ ತೆಗೆದುಕೊಳ್ಳುವವರೆಗೆ ಫೋನನ್ನು ರೀಸೆಟ್ ಮಾಡಿಸಬೇಡಿ. ಗಾಬರಿಯಲ್ಲಿ ಎಲ್ಲವನ್ನೂ ಅಳಿಸಿಕೊಂಡು ಬಂದವರ ಬಳಿ ಪೊಲೀಸರಿಗೆ ತೋರಿಸಲು ಏನೂ ಉಳಿದಿರುವುದಿಲ್ಲ.