ಸಿಂಗಾಪುರದ ಹಣದುಬ್ಬರ: ನಾನು ಎಡವಿದ ಏರು

ಹಣದುಬ್ಬರಕ್ಕೆ ಮದ್ದು ಎಂದರೆ ರೆಪೊ ದರ (ಕೇಂದ್ರ ಬ್ಯಾಂಕು ಇತರ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿದರ) ಎಂದು ಬಾಯಿಪಾಠ ಮಾಡಿಕೊಂಡವರು ನಾವು. ಸಿಂಗಾಪುರದ ಅಧ್ಯಾಯದಲ್ಲೂ ಅದನ್ನೇ ಹುಡುಕಿದೆ, ಸಿಗಲಿಲ್ಲ. 1981ರಿಂದ ಅಲ್ಲಿನ ಹಣಕಾಸು ಪ್ರಾಧಿಕಾರ ಹಿಡಿದಿರುವುದು ಬಡ್ಡಿದರವನ್ನಲ್ಲ, ಸಿಂಗಾಪುರ ಡಾಲರಿನ ವಿನಿಮಯ ಮೌಲ್ಯವನ್ನು. ಕಾರಣ, ಆ ದೇಶದ ವಿದೇಶ ವ್ಯಾಪಾರ ಜಿಡಿಪಿಯ ಸುಮಾರು ಮೂರು ಪಟ್ಟು. ತಿನ್ನುವ ಅನ್ನವೂ ಹಡಗಿನಲ್ಲೇ ಬರಬೇಕು.

ಲೆಕ್ಕ ಹಾಕಿದ ಮೇಲೆಯೇ ನನಗೆ ನಂಬಿಕೆ ಬಂದದ್ದು. (ಅಂಕಿಗಳು ನನ್ನವು.) ಅಕ್ಕಿಗೆ 100 ಅಮೆರಿಕನ್ ಡಾಲರ್, ಒಂದು ಅಮೆರಿಕನ್ ಡಾಲರಿಗೆ 1.40 ಸಿಂಗಾಪುರ ಡಾಲರ್ ಎಂದುಕೊಳ್ಳಿ. ಅಂಗಡಿಯವನು ಕೊಡುವುದು 140. ಅಕ್ಕಿ 104ಕ್ಕೆ ಏರಿತು, ಅಷ್ಟರಲ್ಲಿ ಸಿಂಗಾಪುರ ಡಾಲರ್ ಬಲವಾಗಿ ವಿನಿಮಯ 1.35ಕ್ಕೆ ಬಂತು: 140.40. ಶೇ 4ರ ಏರಿಕೆ ಬಹುಪಾಲು ಬಂದರಿನಲ್ಲೇ ಕರಗಿತು!

ಇನ್ನು ನಾನು ಎರಡು ದಿನ ಒದ್ದಾಡಿದ ಭಾಗ. ಸಿಂಗಾಪುರ ಡಾಲರನ್ನು ಹಲವು ಕರೆನ್ಸಿಗಳ ಬುಟ್ಟಿಯೊಂದಿಗೆ ತೂಗಿ, ಮೇಲೊಂದು ಕೆಳಗೊಂದು ಮಿತಿಯಿರುವ ಪಟ್ಟಿಯೊಳಗೆ ಓಡಾಡಲು ಬಿಡುತ್ತಾರೆ. ಆ ಪಟ್ಟಿಯನ್ನು ಘಾಟಿ ರಸ್ತೆ ಎಂದು ಭಾವಿಸಿ. ರಸ್ತೆಯ ಏರನ್ನು, ಅಂದರೆ ಡಾಲರ್ ಬಲವಾಗುವ ವೇಗವನ್ನು, ಬದಲಿಸಬಹುದು, ಅಗಲವನ್ನು ಬದಲಿಸಬಹುದು, ಇಡೀ ರಸ್ತೆಯನ್ನೇ ಮೇಲಕ್ಕೋ ಕೆಳಕ್ಕೋ ಸರಿಸಬಹುದು. 2016ರ ಏಪ್ರಿಲ್‌ನಲ್ಲಿ ಏರನ್ನು ಸೊನ್ನೆ ಮಾಡಿದರು ಎಂದು ಓದಿ, ‘ಅಪಮೌಲ್ಯ’ ಎಂದು ಬರೆದುಕೊಂಡೆ. ತಪ್ಪು. ರಸ್ತೆ ಸಮತಟ್ಟಾಯಿತು, ಅಷ್ಟೇ. ತಲುಪಿದ ಎತ್ತರ ಹಾಗೆಯೇ ಉಳಿಯಿತು. ಏರು ಕಡಿಮೆಯಾಯಿತೆಂದರೆ ಕೆಳಗಿಳಿದಂತಲ್ಲ, ನಿಧಾನವಾಗಿ ಹತ್ತಿದಂತೆ. ಇದು ಹೊಳೆದ ಮೇಲೆ 2021ರ ಅಕ್ಟೋಬರ್‌ನಿಂದ ಒಂದು ವರ್ಷದಲ್ಲಿ ಐದು ಬಾರಿ ನೀತಿಯನ್ನು ಬಿಗಿ ಮಾಡಿದ್ದೂ ಅರ್ಥವಾಯಿತು: ಮೊದಲೆರಡು ಸಲ ಏರು ಹೆಚ್ಚಿಸಿದರು, ಮೂರನೆಯ ಸಲ ಏರನ್ನೂ ಹೆಚ್ಚಿಸಿ ರಸ್ತೆಯನ್ನೂ ಎತ್ತಿದರು, ಕೊನೆಯೆರಡು ಸಲ ರಸ್ತೆಯನ್ನು ಮಾತ್ರ.

ಬಡ್ಡಿಯನ್ನೂ ಹಿಡಿಯಬಾರದೇ? ಆಗದು. ಬಂಡವಾಳ ಮುಕ್ತವಾಗಿ ಹರಿಯುವಾಗ ವಿನಿಮಯವನ್ನು ಹಿಡಿದವರು ಬಡ್ಡಿಯನ್ನು ಬಿಡಲೇಬೇಕು. ಕರೆನ್ಸಿ ವರ್ಷಕ್ಕೆ ಶೇ 2ರಷ್ಟು ಬಲವಾಗುತ್ತದೆಂಬ ನಿರೀಕ್ಷೆಯಿದ್ದರೆ, ಅಮೆರಿಕದಲ್ಲಿ ಶೇ 5 ಸಿಗುವಾಗಲೂ ಹೂಡಿಕೆದಾರರು ಸಿಂಗಾಪುರದಲ್ಲಿ ಸುಮಾರು ಶೇ 3ಕ್ಕೆ ಒಪ್ಪುತ್ತಾರೆ.

ಕೂಲಿಯ ಮೇಲೆ ಪರಿಣಾಮ ಸುತ್ತಿ ಬಳಸಿ ಬರುತ್ತದೆ: ಕರೆನ್ಸಿ ಬಲವಾದರೆ ರಫ್ತಿನ ಬೇಡಿಕೆ ತಗ್ಗುತ್ತದೆ, ಕೆಲಸಗಾರರಿಗಾಗಿ ನಡೆಯುವ ಪೈಪೋಟಿಯೂ ಸಡಿಲವಾಗುತ್ತದೆ. ಅದಕ್ಕೆ ಸಮಯ ಬೇಕು. ಅಷ್ಟೆಲ್ಲ ಬಿಗಿ ಮಾಡಿಯೂ 2023ರ ಆರಂಭದಲ್ಲಿ ಮೂಲ ಹಣದುಬ್ಬರ (ವಸತಿ, ಖಾಸಗಿ ವಾಹನದ ಖರ್ಚು ಬಿಟ್ಟು ಲೆಕ್ಕ ಹಾಕಿದ್ದು) ಶೇ 5.5 ಮುಟ್ಟಿತ್ತು. ತಟ್ಟೆಯ ಅಕ್ಕಿ ಬಂದರು ದಾಟಿ ಬಂದದ್ದು. ಅಡುಗೆಯವನ ಸಂಬಳ, ಅಂಗಡಿಯ ಬಾಡಿಗೆ ಹಾಗೆ ಬಂದದ್ದಲ್ಲ.