ತುಂಬಿದ ಕೆರೆಯಲ್ಲಿ ಹಸಿದ ಕೊಕ್ಕರೆ

ಶಿರಾ ತಾಲ್ಲೂಕಿನ ಕಗ್ಗಲಡುವಿನ ಹುಣಸೆ ಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವ ಕಾಲಕ್ಕೆ ಪಶುವೈದ್ಯನಾದ ನನಗೆ ಬರುವ ದೂರುಗಳಲ್ಲಿ ಒಂದು ಖಾಯಂ: ಹಕ್ಕಿಯ ಕಾಲಿಗೆ ಬಿಳಿ ರೋಗ ಹತ್ತಿದೆ. ರೋಗವಲ್ಲ, ಅದು ಹಿಕ್ಕೆ. ಹಕ್ಕಿಗಳಿಗೆ ಬೆವರಿನ ಗ್ರಂಥಿಯಿಲ್ಲ. ಬಿಸಿಲೇರಿದಾಗ ಕೊಕ್ಕರೆ ತನ್ನ ಕಾಲಿನ ಮೇಲೆ ತಾನೇ ನೀರು ಹಿಕ್ಕೆ ಹಾಕಿಕೊಳ್ಳುತ್ತದೆ. ಅದು ಆರುವಾಗ ಕಾಲಿನ ರಕ್ತ ತಂಪಾಗಿ ಮೈಗೆ ಮರಳುತ್ತದೆ. ದಯವಿಟ್ಟು ತೊಳೆಯಲು ಹೋಗಬೇಡಿ.

ಆ ಕಾಲಿನಲ್ಲಿ ಹಿಂದಕ್ಕೆ ಮಡಚುವ ಕೀಲನ್ನು ಎಲ್ಲರೂ ಮೊಣಕಾಲು ಎನ್ನುತ್ತಾರೆ. ಅದು ಪಾದದ ಹರಡು. ನಿಜವಾದ ಮೊಣಕಾಲು ಮೇಲೆ ಗರಿಗಳೊಳಗೆ ಅಡಗಿದೆ. ಹಕ್ಕಿಯ ಎತ್ತರ ಸುಮಾರು ಒಂದು ಮೀಟರ್. ಈಜಿ ಬೇಟೆಯಾಡುವ ಹಕ್ಕಿ ಇದಲ್ಲ. ಕಾಲು ಊರುವಷ್ಟು ಆಳದಲ್ಲೇ ಅದರ ಊಟ.

ಊಟದ ಕ್ರಮವೂ ವಿಚಿತ್ರ. ಬೆಳ್ಳಕ್ಕಿ ಕಣ್ಣಿನಿಂದ ನೋಡಿ ತಿವಿಯುತ್ತದೆ. ಬಣ್ಣದ ಕೊಕ್ಕರೆ ಅರ್ಧ ತೆರೆದ ಕೊಕ್ಕನ್ನು ನೀರಿನಲ್ಲಿಳಿಸಿ ಎಡಕ್ಕೂ ಬಲಕ್ಕೂ ಆಡಿಸುತ್ತಾ ತಡಕುತ್ತದೆ, ಪಾದದಿಂದ ಕೆಸರು ಕದಡಿ ಮೀನನ್ನು ಎಬ್ಬಿಸುತ್ತದೆ. ಮೀನು ತಾಗಿದರೆ ಕೊಕ್ಕು ಪಟ್ಟನೆ ಮುಚ್ಚಿಕೊಳ್ಳುತ್ತದೆ. ಇದೇ ಕುಲದ ಅಮೆರಿಕದ ಕೊಕ್ಕರೆಯಲ್ಲಿ ಈ ವೇಗವನ್ನು 1960ರ ದಶಕದಲ್ಲಿ ಅಳೆದಿದ್ದಾರೆ: ಸೆಕೆಂಡಿನ ನಲವತ್ತನೇ ಒಂದು ಭಾಗ. ಕಣ್ಣು ಮುಚ್ಚಿದರೂ ಅದು ಮೀನು ಹಿಡಿಯಿತು. ಹಾಗಾಗಿ ಬಗ್ಗಡದ ನೀರು ಇದಕ್ಕೆ ಅಡ್ಡಿಯೇ ಅಲ್ಲ. ಆದರೆ ತಡಕಿ ಹಿಡಿಯಬೇಕಾದರೆ ಮೀನು ಒತ್ತೊತ್ತಾಗಿರಬೇಕು.

ಇಲ್ಲೇ ನಮ್ಮ ಲೆಕ್ಕ ತಪ್ಪುವುದು. ಹೇಮಾವತಿ ನೀರು ಬಂದು ಕೆರೆ ಕೋಡಿ ಬಿದ್ದರೆ ಊರಿಗೆ ಸಂಭ್ರಮ, ಬಾಗಿನ, ಭಾಷಣ. ಕೊಕ್ಕರೆಗೆ ಅದರಿಂದ ತಕ್ಷಣದ ಲಾಭ ಕಡಿಮೆ. ತುಂಬಿದ ಕೆರೆಯಲ್ಲಿ ಮೀನು ಚದುರಿರುತ್ತದೆ, ಕಾಲಿಗೆ ನೆಲ ಸಿಗುವುದು ಅಂಚಿನಲ್ಲಿ ಮಾತ್ರ. ಬೇಸಿಗೆಯಲ್ಲಿ ನೀರು ಇಳಿಯುತ್ತಾ ಮೀನು ಗುಂಡಿಗಳಿಗೆ ಸೇರಿದಾಗ ಅದಕ್ಕೆ ಸುಗ್ಗಿ. ಗೂಡಿನಲ್ಲಿ ಮರಿಗಳ ಹಸಿವು ಏರುವುದೂ ಆಗಲೇ. ಪೂರ್ತಿ ಬತ್ತಿದರೆ ಮಾತ್ರ ಉಪವಾಸ.

ಮರಿ ಮರದಿಂದ ಬಿದ್ದರೆ ಕರುಣೆಯಿಂದ ಬಾಯಿಗೆ ನೀರು ಹುಯ್ಯಬೇಡಿ. ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ಇರುವುದರಿಂದ ನೀರು ನೇರವಾಗಿ ಶ್ವಾಸಕೋಶಕ್ಕೆ ಇಳಿಯುತ್ತದೆ. ತಲೆಗೆ ತೆಳುವಾದ ಬಟ್ಟೆ ಹೊದಿಸಿ, ನೆರಳಿನಲ್ಲಿಟ್ಟು, ಅರಣ್ಯ ಇಲಾಖೆಗೆ ತಿಳಿಸಿ. ದೊಡ್ಡ ಹಕ್ಕಿಯಾದರೆ ನಿಮ್ಮ ಮುಖವನ್ನು ಅದರ ಕೊಕ್ಕಿನಿಂದ ದೂರವಿಡಿ. ಬೆಳೆದ ಕೊಕ್ಕರೆ ಕೂಗಿ ಎಚ್ಚರಿಸುವುದು ಅಪರೂಪ: ಅದರ ಧ್ವನಿಪೆಟ್ಟಿಗೆಗೆ ಬೇಕಾದ ಸ್ನಾಯುಗಳಿಲ್ಲ, ಕೊಕ್ಕು ಕಟಕಟಿಸುವುದೇ ಮಾತು. ಗದ್ದಲವೆಲ್ಲ ಮರಿಗಳದು.

ಹೂಳೆತ್ತುವವರಿಗೆ ಒಂದು ಕೋರಿಕೆಯಿದೆ. ಯಂತ್ರ ತಂದು ದಡವನ್ನು ನೆಟ್ಟಗೆ ಕಡಿದರೆ ನೀರು ಹೆಚ್ಚು ನಿಲ್ಲಬಹುದು, ಕೊಕ್ಕರೆ ನಿಲ್ಲಲಾರದು. ಅಂಗಳದ ಒಂದು ಪಕ್ಕವನ್ನಾದರೂ ಇಳಿಜಾರಾಗಿ ಬಿಡಿ. ನೀರು ಕುಡಿಯಲು ಇಳಿಯುವ ದನಕರುಗಳಿಗೂ ಅದೇ ದಾರಿ ಬೇಕು.